ಮನೆಯಾಗ ಕುಂತ ಸರ್ಕಾರ

ನಮ್ಮ ಮನೆಯ ರೊಟ್ಟಿ ಬುಟ್ಟಿಯ ಮೇಲೆ ಒಂದು ಬಟ್ಟೆ ಹೊದಿಸಿರುತ್ತದೆ. ಒಂದು ಕಾಲಕ್ಕೆ ಅದು ಕೆಂಪಗಿತ್ತು ಎಂದು ನಾನು ಹೇಳಿದರೆ ನೀವು ನಂಬಬೇಕು, ಅಷ್ಟೆ. ಮೊನ್ನೆ ಊಟಕ್ಕೆ ಕೂತು ಬುಟ್ಟಿಗೆ ಕೈ ಹಾಕಿದಾಗ ಅದರ ಮೂಲೆಯಲ್ಲಿ ಮಸಿಯ ಅಕ್ಷರಗಳು ಕಂಡವು. ಕನ್ನಡಕ ಏರಿಸಿ ನೋಡಿದೆ. 'ವಿಲೇವಾರಿ ಬಾ' ಎಂದಿತ್ತು. ಕೊನೆಯ 'ಕಿ'ಯನ್ನು ಸಾಬೂನು ತಿಂದುಹಾಕಿತ್ತು.

"ಇದು ಎಲ್ಲಿತ್ತು?" ಎಂದು ಹೆಂಡತಿಯನ್ನು ಕೇಳಿದೆ.

"ಅತ್ತಿ ಇಟ್ಟಿದ್ರು. ಸರ್ಕಾರದ್ದು, ಗಟ್ಟಿ ಐತಿ, ಚೆಲ್ಲಬ್ಯಾಡ ಅಂದಿದ್ರು. ರೊಟ್ಟಿ ತಿನ್ರಿ, ಆರಾಕತ್ತಾವ."

ರೊಟ್ಟಿ ಆರಿದರೂ ಚಿಂತೆಯಿಲ್ಲ ಎನ್ನುವಂತೆ ನಾನು ಆ ಬಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ನಮ್ಮ ಕಡೆಯ ಹಳೆಯ ಕಚೇರಿಗಳಲ್ಲಿ ಕಡತಗಳನ್ನು ಇಂಥ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. ಅದಕ್ಕೆ ಬಸ್ತಾ ಎನ್ನುತ್ತಿದ್ದೆವು. ಈ ಬಸ್ತಾ ನಮ್ಮ ಮನೆ ಸೇರಿದ್ದು, ಸರ್ಕಾರವೇ ನನ್ನನ್ನು ಮನೆಗೆ ಕಳಿಸಿದ ಮೂರು ತಿಂಗಳಲ್ಲಿ. ಕಳಿಸಿದ ಎಂದರೆ ತಪ್ಪು ತಿಳಿಯಬೇಡಿ. ಆಗ ಇಡೀ ಮಸ್ಕಿ ಹಾಗೆಯೇ ತಪ್ಪು ತಿಳಿದಿತ್ತು.

ಮನೆಯಲ್ಲಿ ಕಚೇರಿ ಎನ್ನುವುದು ನನಗೇನೂ ಹೊಸದಲ್ಲ. ನಮ್ಮಪ್ಪ ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ಟಪಾಲು ಕಚೇರಿ ನಡೆಸುತ್ತಿದ್ದ. ಸಣ್ಣ ಹಳ್ಳಿಯಲ್ಲಿ ಟಪಾಲಿಗೆ ಬೇರೆ ಕಟ್ಟಡ ಎಲ್ಲಿಂದ ಬರಬೇಕು, ಮಾಸ್ತರನ ಪಡಸಾಲೆಯೇ ಕಚೇರಿ. ಒಂದು ಮೇಜು, ಒಂದು ತಕ್ಕಡಿ, ಒಂದು ತಾರೀಖಿನ ಮುದ್ರೆ. ಮೇಜಿನ ಆ ಕಡೆ ಕೂತರೆ ಅಪ್ಪ ಸರ್ಕಾರ. ಈ ಕಡೆ ಬಂದರೆ ನಮ್ಮಪ್ಪ. ತವರಿಗೆ ಬರೆಯಲು ಅವ್ವನಿಗೆ ಒಂದು ಕಾರ್ಡು ಬೇಕಾದರೆ ಅಡುಗೆಮನೆಯಿಂದ ಕೂಗುವಂತಿರಲಿಲ್ಲ. ಸೆರಗು ಹೊದ್ದು, ಸುತ್ತು ಹಾಕಿ ಅಂಗಳದಿಂದ ಬಂದು ಮೇಜಿನ ಮುಂದೆ ನಿಲ್ಲಬೇಕಿತ್ತು. ಅಪ್ಪ ಆಕೆಗೆ "ಏನ್ ಬೇಕಾಗಿತ್ರಿ" ಎಂದೇ ಕೇಳುತ್ತಿದ್ದ. ನಮ್ಮ ಮನೆಯಲ್ಲಿ ಅಪ್ಪ ಅವ್ವನಿಗೆ ಬಹುವಚನ ಹಚ್ಚಿದ್ದು ಆ ಹೊತ್ತಿನಲ್ಲಿ ಮಾತ್ರ. ಅವ್ವ ಬೇಕಿಲ್ಲದಿದ್ದರೂ ವಾರಕ್ಕೊಂದು ಕಾರ್ಡು ಯಾಕೆ ಕೊಳ್ಳುತ್ತಿದ್ದಳು ಎಂಬುದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು.

ಒಮ್ಮೆ ನಾನು ಆ ತಾರೀಖಿನ ಮುದ್ರೆ ಕದ್ದು ಮಲಗಿದ್ದ ತಂಗಿಯ ಗಲ್ಲಕ್ಕೆ ಒತ್ತಿದ್ದೆ. ಅಪ್ಪ ಬೆತ್ತ ತಂದ. ಬಾರಿಸುವ ಮೊದಲು, "ಟಿಕೀಟ್ ಹಚ್ಚಲಾರದ್ದಕ್ಕ ಮುದ್ರಿ ಒತ್ತೂದು ಕಾನೂನಿನ ಪ್ರಕಾರ ತಪ್ಪು" ಎಂದು ಕಾರಣ ತಿಳಿಸಿದ. ಸರ್ಕಾರ ಕಾರಣ ತಿಳಿಸಿಯೇ ಶಿಕ್ಷೆ ಕೊಡುತ್ತದೆ ಎಂಬ ನಂಬಿಕೆ ನನಗೆ ಹುಟ್ಟಿದ್ದು ಅಂದು.

ಮುಂದೆ ನಾನೇ ಸರ್ಕಾರ ಸೇರಿದೆ. ಲಿಂಗಸುಗೂರಿನಲ್ಲಿ ಎರಡನೇ ದರ್ಜೆಯ ಗುಮಾಸ್ತ. ಇಲಾಖೆ ಯಾವುದೆಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ಬರುತ್ತಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ತೀರಿಕೊಂಡಿದ್ದ, ತಂಗಿಯ ಮದುವೆಯಾಗಿತ್ತು, ನಾನು ಮತ್ತು ಅವ್ವ ಮಸ್ಕಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಕಚೇರಿಯಲ್ಲಿ ನಾವು ಐದು ಮಂದಿ. ಹೆಡ್ ಕ್ಲಾರ್ಕ್ ಬಸಲಿಂಗಪ್ಪನವರು ದಿನಾ ಸಿಂಧನೂರಿನಿಂದ ಬರುತ್ತಿದ್ದರು. ಟೈಪಿಸ್ಟ್ ಶಾಂತಾಬಾಯಿ ಹಟ್ಟಿಯಿಂದ. ಆಕೆಯ ಗಂಡನಿಗೆ ಅಲ್ಲಿ ಚಿನ್ನದ ಗಣಿಯಲ್ಲಿ ಕೆಲಸ. ಜವಾನ ಹುಸೇನಸಾಬ ಲಿಂಗಸುಗೂರಿನವನೇ. ಇವರೆಲ್ಲರ ಮೇಲೆ ಶ್ರೀಕಂಠಯ್ಯ ಸಾಹೇಬರು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಅವರು ನಮ್ಮನ್ನೆಲ್ಲ "ದಯವಿಟ್ಟು" ಎಂದು ಕರೆದು ಕೆಲಸ ಹೇಳುತ್ತಿದ್ದರು. ಹುಸೇನಸಾಬನಿಗೆ ಮೊದಲ ವಾರ, ಸಾಹೇಬರು ತನ್ನನ್ನು ಬೈಯುತ್ತಿದ್ದಾರೋ ಏನೋ ಎಂದು ಅನುಮಾನವಿತ್ತು.

ನಮ್ಮ ದಿನಚರಿ ಬಸ್ಸಿನ ಕೈಯಲ್ಲಿತ್ತು. ಹತ್ತೂವರೆಗೆ ಮುಟ್ಟಬೇಕಾದ ಕಚೇರಿಗೆ ಹನ್ನೊಂದೂವರೆಗೆ ಮುಟ್ಟುತ್ತಿದ್ದೆವು. ಅಲ್ಲಿಂದ ಅರ್ಧ ತಾಸು ಬಸ್ಸನ್ನು ಬೈಯುವುದು, ಒಂದು ಸಲ ಚಹಾ, ಆಮೇಲೆ ಊಟ, ಮೂರೂವರೆಯಿಂದ ಸಂಜೆಯ ಬಸ್ಸಿನ ಚಿಂತೆ. ಇದರ ನಡುವೆ ಜನ ಬರುತ್ತಿದ್ದರು. ಅವರಿಗೆ ನಾವು "ನಾಳಿ ಬಾ" ಎನ್ನುತ್ತಿದ್ದೆವು. ಒರಟಾಗಿ ಅಲ್ಲ, ಒಂದು ರೀತಿ ಆಶೀರ್ವಾದದಂತೆ. ನಾಳೆ ಎಂಬುದು ಖಂಡಿತ ಇದೆ ಎಂಬ ಭರವಸೆ ಅದರಲ್ಲಿತ್ತಲ್ಲ.

ಒಂದು ದಿನ ಕಚೇರಿಯ ಮಾಳಿಗೆಯಿಂದ ಒಂದು ಹಾಸುಗಲ್ಲು ಜಾರಿ ಬಸಲಿಂಗಪ್ಪನವರ ಕುರ್ಚಿಯ ಮೇಲೆ ಬಿತ್ತು. ಮಧ್ಯಾಹ್ನ ಮೂರು ಗಂಟೆ, ಅವರು ಸಹಜವಾಗಿಯೇ ಕುರ್ಚಿಯಲ್ಲಿ ಇರಲಿಲ್ಲ. ಜೀವ ಉಳಿಯಿತು. ಮಾಳಿಗೆ ಕೆಡವಿ ಹೊಸದಾಗಿ ಹಾಕಲು ಮೂರು ತಿಂಗಳು ಬೇಕೆಂದರು. ಬೇರೆ ಕಟ್ಟಡ ಸಿಗಲಿಲ್ಲ. ಸಾಹೇಬರು ನಮ್ಮನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡರು. ಅವರ ಮುಖದಲ್ಲಿ ಸಂಕಟದ ಬದಲು ಹಬ್ಬದ ಕಳೆ ಇತ್ತು.

"ನೋಡಿ, ನಾನು ಬಂದಾಗಿನಿಂದ ಯೋಚನೆ ಮಾಡ್ತಾ ಇದೀನಿ. ನೀವು ಬಸ್ಸಿನಲ್ಲಿ ಮೂರು ತಾಸು ಕಳೀತೀರ. ಕಡತ ಬರೆಯೋದಕ್ಕೆ ಕಚೇರಿಯೇ ಯಾಕೆ ಬೇಕು? ನಿಮ್ಮ ನಿಮ್ಮ ಬಸ್ತಾ ತಗೊಂಡು ಹೋಗಿ, ಮನೇಲೇ ಕೂತು ಕೆಲಸ ಮಾಡಿ. ಹುಸೇನಸಾಬರು ದಿನಾ ಬಸ್ಸಿನಲ್ಲಿ ಬಂದು ಕಾಗದ ಕೊಟ್ಟು, ತಗೊಂಡು ಬರ್ತಾರೆ."

ಬೇವಿನ ಕಾಯಿ ಉದುರುವ ಸಪ್ಪಳ ಕೇಳುತ್ತಿತ್ತು.

"ಮನ್ಯಾಗಂದ್ರ, ಹೆಂಡ್ರು ಮಕ್ಕಳು ಇರೂ ಮನ್ಯಾಗೇನ್ರಿ?" ಬಸಲಿಂಗಪ್ಪನವರು ಖಾತ್ರಿ ಮಾಡಿಕೊಂಡರು.

"ಹೌದ್ರೀ."

"ಸಾಹೇಬ್ರ, ಮೂವತ್ತು ವರ್ಷದಿಂದ ನಾ ಮುಂಜಾನೆ ಹೋಗಿ ಸಂಜಿಗೆ ಬರ್ತೀನಿ. ಅದಕ್ಕ ನಮ್ಮ ಸಂಸಾರ ಛಲೋ ನಡದೈತಿ."

ಸಾಹೇಬರು ಬಿಡುವ ಆಸಾಮಿಯಲ್ಲ. ಮಸ್ಕಿ ಗುಡ್ಡದ ಕಡೆ ಕೈ ತೋರಿಸಿದರು, ಅದು ಅಲ್ಲಿಂದ ಕಾಣುವುದಿಲ್ಲವಾದರೂ. "ಆ ಗುಡ್ಡದ ಬಂಡೆ ಮೇಲೆ ಶಾಸನ ಬರೆಸಿದ ಚಕ್ರವರ್ತಿ ಮಸ್ಕಿಗೆ ಬಂದು ಕೂತಿದ್ನೇನ್ರಿ? ಪಾಟಲಿಪುತ್ರದ ಮನೇಲೇ ಕೂತು ಆಜ್ಞೆ ಕಳಿಸಿದ. ಇಷ್ಟು ದೂರದ ಆಡಳಿತ ನಡೀಲಿಲ್ವಾ?"

"ನಡೀತ್ರಿ," ಎಂದರು ಬಸಲಿಂಗಪ್ಪನವರು. "ಆದ್ರ ಆ ಸುತ್ತೋಲಿ ಓದಾಕ ನಮ್ಮ ಮಂದಿಗೆ ಎರಡು ಸಾವಿರ ವರ್ಷ ಹಿಡೀತು."

ಆದರೂ ನಾವು ಬಸ್ತಾ ಹೊತ್ತುಕೊಂಡು ಮನೆಗೆ ಹೋದೆವು.

ಹಟ್ಟಿಯಲ್ಲಿ ಶಾಂತಾಬಾಯಿಯ ಟೈಪ್‌ರೈಟರು ಗಣಿ ಕಾರ್ಮಿಕರ ಸಾಲುಮನೆಯೊಳಗೆ ಇಳಿಯಿತು. ಆಕೆಯ ಗಂಡನಿಗೆ ಆ ತಿಂಗಳು ರಾತ್ರಿ ಪಾಳಿ, ಹಗಲು ಮಲಗಬೇಕು. ಎರಡನೇ ದಿನ ಆತ ಎದ್ದು ಕೂತು, "ಗಣಿ ಒಳಗ ಕಲ್ಲು ಸಿಡಿಸ್ತಾರ, ಅಲ್ಲಿ ಬೇಕಾದ್ರ ನಾ ನಿಂತಲ್ಲೆ ತೂಕಡಸ್ತೀನಿ. ಈ ಟಕ್ಕಟಕ್‌ನ್ಯಾಗ ಕಣ್ಣು ಹತ್ತವಲ್ದು," ಎಂದನಂತೆ. ಆಕೆ ಟೈಪ್‌ರೈಟರನ್ನು ಕೌದಿಯ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೌದಿ ಹೊದಿಸಿ, ಒಳಗೆ ಕೈ ತೂರಿಸಿ ಟೈಪ್ ಮಾಡತೊಡಗಿದಳು. ಆ ಮೂರು ತಿಂಗಳ ಸರ್ಕಾರಿ ಪತ್ರಗಳಲ್ಲಿ 'ಮಾನ್ಯರೇ' ಎಂಬುದು 'ಮಾವ್ಯರೇ' ಎಂದಿದ್ದರೆ ಅದಕ್ಕೆ ಕಾರಣ ಆ ಕೌದಿ.

ಸಿಂಧನೂರಿನ ಬಸಲಿಂಗಪ್ಪನವರ ಮನೆಯಲ್ಲಿ ಬೇರೆ ಕಥೆ. ಅವರು ಪಡಸಾಲೆಯಲ್ಲಿ ಕೂತು ಅಭ್ಯಾಸಬಲದಿಂದ ತಾಸಿಗೊಮ್ಮೆ "ಚಹಾ" ಎಂದು ಕೂಗುತ್ತಿದ್ದರು. ಮೂರನೇ ದಿನ ಅವರ ಹೆಂಡತಿ, "ಕಚೇರ್ಯಾಗ ನೀವು ಬರೇ ಚಹಾ ಕುಡಿಯಾಕ ಹೋಗ್ತಿದ್ರಿ ಅಂತ ನನಗ ಇಷ್ಟು ದಿನ ಗೊತ್ತಿದ್ದಿಲ್ಲ" ಎಂದರು. ಅಂದಿನಿಂದ ಅವರು ಬಸ್ತಾ ಎತ್ತಿಕೊಂಡು ಪರಿಚಯದವರ ಅಕ್ಕಿ ಗಿರಣಿಗೆ ಹೋಗಿ, ನೆಲ್ಲಿನ ಚೀಲಗಳ ನಡುವೆ ಕೂತು ಕೆಲಸ ಮಾಡಿದರು. ಅವರ ಕಡತ ಬಿಚ್ಚಿದರೆ ತೌಡು ಉದುರುತ್ತಿತ್ತು.

ನಮ್ಮ ಮೂವರ ನಡುವೆ ಹುಸೇನಸಾಬ ಸರ್ಕಾರಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಇಳಿಯುತ್ತಿದ್ದ. ಹೋದಲ್ಲೆಲ್ಲ ಚಹಾ, ಉಂಡಿ, ಅವಲಕ್ಕಿ. "ಇಪ್ಪತ್ತು ವರ್ಷ ಬಾಗಲದಾಗ ಸ್ಟೂಲ್ ಮ್ಯಾಲ ಕುಂತಿದ್ದೆ," ಎಂದು ನನ್ನ ಮುಂದೆ ಹೇಳಿದ. "ಈಗ ಮಾಲೂಮ ಆತು, ನೌಕರಿ ಅಂದ್ರ ಹಿಂಗಿರಬೇಕ ನೋಡ್ರಿ."

ಇನ್ನು ನನ್ನ ಕಥೆ. ನಮ್ಮ ಭಾಷೆಯಲ್ಲಿ 'ಮನ್ಯಾಗ ಕುಂತಾನ' ಎಂದರೆ ಒಂದೇ ಅರ್ಥ. ನಾನು ಮನೆಯಲ್ಲಿ ಕೂತ ನಾಲ್ಕನೇ ದಿನಕ್ಕೆ ಓಣಿಯಲ್ಲಿ ಸುದ್ದಿ ಹಬ್ಬಿತು. ಹಾಲು ಕೊಡುವಾಕೆ ಅವ್ವನ ಕೈ ಹಿಡಿದು, "ಹೋಗಲಿ ಬಿಡವ್ವ, ಬ್ಯಾರೆ ಎಲ್ಲ್ಯಾದ್ರೂ ಸಿಗತೈತಿ" ಎಂದು ಸಮಾಧಾನ ಹೇಳಿದಳು. ಆಗ ತುರ್ವಿಹಾಳದಲ್ಲಿ ನನಗೊಂದು ಹೆಣ್ಣು ಗೊತ್ತು ಮಾಡುವ ಮಾತುಕತೆ ನಡೆದಿತ್ತು. ಕಾಲುವೆ ನೀರಾವರಿಯ ಗದ್ದೆ ಇದ್ದವರು. ಅವರ ಕಡೆಯ ಹಿರಿಯರೊಬ್ಬರು ಸುಮ್ಮನೆ ಈ ಕಡೆ ಬಂದವರಂತೆ ಬಂದು, ಬನಿಯನ್ನಿನಲ್ಲಿ ಕೂತು ಕಡತ ಬರೆಯುತ್ತಿದ್ದ ನನ್ನನ್ನು ನೋಡಿದರು.

"ಇವತ್ತು ಸೂಟಿ ಏನ್ರಿ?" ಎಂದರು.

"ಇಲ್ರಿ. ಕಚೇರಿ ಕೆಲಸ ಮಾಡಾಕತ್ತೀನಿ."

"ಇಲ್ಲೇ?"

"ಹೌದ್ರಿ. ಸಾಹೇಬ್ರ ಆದೇಶ ಐತ್ರಿ."

ಅವರು ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಕರುಣೆಯಿಂದ ನನ್ನ ಭುಜ ತಟ್ಟಿ ಹೋದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಈ ಕಥೆ ಕೇಳಿದಾಗೆಲ್ಲ ನನ್ನ ಹೆಂಡತಿ, ಆ ಹುಡುಗಿ ಪುಣ್ಯವಂತಳು ಎನ್ನುತ್ತಾಳೆ.

ಅವ್ವ ಮಾತ್ರ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯೊಳಗೆ ಸರ್ಕಾರ ಇಟ್ಟುಕೊಂಡು ಮೂವತ್ತು ವರ್ಷ ಬಾಳಿದವಳು. ಪಡಸಾಲೆ ಸಾರಿಸಿ, ಮಣೆ ಹಾಕಿ, ಬಸ್ತಾಕ್ಕೆ ಕುಂಕುಮ ಹಚ್ಚಿ ಕೊಟ್ಟಳು. ಗೋಳು ಶುರುವಾದದ್ದು ಎರಡನೇ ವಾರ, ಒಬ್ಬ ಮುದುಕಿ ಬಂದು ಕಟ್ಟೆಯ ಕಂಬಕ್ಕೆ ಆಡು ಕಟ್ಟಿದಾಗ.

ಆಕೆಯ ಹೆಸರು ಹುಲಿಗೆವ್ವ. ಮಸ್ಕಿಗೆ ಎರಡು ಹರದಾರಿ ದೂರದ ಹಳ್ಳಿಯವಳು. ಗಂಡ ಸತ್ತಿದ್ದ, ಮೈದುನನ ಮನೆಯ ದಂದಕ್ಕಿಯ ಮೂಲೆಯಲ್ಲಿ, ಎತ್ತುಗಳ ಪಕ್ಕ ಮಲಗುತ್ತಿದ್ದಳು. ಸರ್ಕಾರ ಆ ಊರಿನಲ್ಲಿ ಮನೆಯಿಲ್ಲದವರಿಗೆ ಜಾಗ ಹಂಚಿತ್ತು. ಎಲ್ಲರಿಗೂ ಹಕ್ಕುಪತ್ರ ಬಂದಿತ್ತು, ಆಕೆಗೆ ಬಂದಿರಲಿಲ್ಲ.

"ಪಟ್ಟ್ಯಾಗ ನನ್ನ ಹೆಸರು ಐತಂತ್ರಿ. ಆದ್ರ ನಾ ಇಲ್ಲಂತ. ಏನಿದು ತಿಳಿವಲ್ದು, ಜರಾ ನೋಡ್ರಿ."

ನನ್ನ ಬಾಯಿ ತನ್ನ ಪಾಡಿಗೆ ತಾನು, "ನಾಳಿ ಬಾ" ಎಂದಿತು.

ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. "ಯಾರಿಗಲೇ ನಾಳಿ ಬಾ ಅಂದಿ?"

"ಕಚೇರಿ ಕೆಲಸ ಬೇ, ನಿನಗ ತಿಳಿಯಂಗಿಲ್ಲ."

"ಕಚೇರಿ ನಿಂದು ಇರಬೋದು, ಕಟ್ಟಿ ನಂದು. ನನ್ನ ಕಟ್ಟಿ ಏರಿದ ಮಂದಿಗೆ ನಾಳಿ ಬಾ ಅನ್ನಾಕ ನೀ ಯಾರು? ನಿಮ್ಮಪ್ಪ ಒಬ್ಬರಿಗೂ ಅಂದಿಲ್ಲ ಆ ಮಾತ. ಬಾರವ್ವ ಒಳಗ, ನೀರು ಕುಡಿ."

ಹುಲಿಗೆವ್ವ ಒಳಗೆ ಬಂದು ನನ್ನೆದುರು ಕೂತಳು. ನಾನು ಬಗ್ಗಿ ಬರೆಯುವ ನಾಟಕ ಮಾಡುತ್ತಿದ್ದೆ. ಆಕೆ ಇದ್ದಕ್ಕಿದ್ದಂತೆ ಅವ್ವನಿಗೆ ಹೇಳಿದಳು: "ಈಗ ಗುರುತು ಹತ್ತಿತು ನೋಡವ್ವ. ಲಿಂಗಸುಗೂರಾಗ ಐದು ಸಲ ಇವನ ಮುಂದ ನಿಂತೀನಿ. ಮಾರಿ ಎತ್ತತಿದ್ದಿಲ್ಲ. ಈ ನೆತ್ತಿ ನೋಡಿ ಗುರುತು ಹಿಡಿದೆ. ನಡುವ ಎರಡು ಸುಳಿ ಅದಾವ."

ಅವ್ವ ಬಗ್ಗಿ ನನ್ನ ನೆತ್ತಿ ನೋಡಿದಳು. ಅಷ್ಟೇ ಸಾಕಾಯಿತು. ಬಸ್ತಾ ಬಿಚ್ಚಿದೆ. ಪಟ್ಟಿಯ ಲಾಡಿ ಸಡಲಿಸಿ ಹಾಳೆ ತಿರುವಿದೆ. ಹದಿನಾಲ್ಕನೇ ಪುಟದಲ್ಲಿ ಆಕೆಯ ಹೆಸರು ಸಿಕ್ಕಿತು. 'ಹುಲಿಗೆವ್ವ, ಗಂಡ ಮಲ್ಲಪ್ಪ.' ಅದೇ ಸಾಲಿನ ಕೊನೆಗೆ, ಷರಾ ಎಂಬ ಅಂಕಣದಲ್ಲಿ ಒಂದೇ ಶಬ್ದ: 'ಮೃತ.' ಗಂಡನ ಹೆಸರಿನ ಮುಂದೆ ಬರೆಯಬೇಕಾದ ಶಬ್ದ ಎರಡು ಬೆರಳಿನಷ್ಟು ಸರಿದು ಆಕೆಯ ಮೇಲೆ ಬಿದ್ದಿತ್ತು. ಸತ್ತವಳಿಗೆ ಸರ್ಕಾರ ಯಾವ ಜಾಗ ಕೊಟ್ಟೀತು?

ಅದನ್ನು ಬರೆದ ಪುಣ್ಯಾತ್ಮ 'ಮೃ'ದ ಬಾಲವನ್ನು ಚಂದ ಕಾಣಲೆಂದು ಉದ್ದಕ್ಕೆ ಎಳೆದು ತುದಿಯಲ್ಲಿ ಸುತ್ತಿದ್ದ. ನಮ್ಮ ಕಚೇರಿಯಲ್ಲಿ ಹಾಗೆ ಬಾಲ ಸುತ್ತುವವನು ಒಬ್ಬನೇ. ಕರಡಿನಿಂದ ಶುದ್ಧ ಪ್ರತಿ ಮಾಡಿದವನು ನಾನು. ಬಹುಶಃ ಬಸ್ಸಿನ ಹೊತ್ತಾಗಿತ್ತು.

ಎದುರಿಗೆ ಆ ಮುದುಕಿ ಅವ್ವ ಕೊಟ್ಟ ರೊಟ್ಟಿಯನ್ನು ಎರಡು ಮಾಡಿ, ಒಂದು ಪಾಲನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. "ಏನೈತೋ?" ಎಂದಳು ಅವ್ವ.

"ನೋಡ್ತೀನಿ ತಡಿ," ಎಂದು ನಾನು ಎದ್ದು ಹಿತ್ತಲಿಗೆ ಹೋದೆ. ಮುಖಕ್ಕೆ ನೀರು ಹೊಡೆದುಕೊಂಡೆ, ಮತ್ತೊಮ್ಮೆ ಹೊಡೆದುಕೊಂಡೆ. ಲಾಡಿ ಸಡಲಿಸಿದ ಪಟ್ಟಿಯನ್ನು ಹಾಗೇ ಬಿಟ್ಟು ಬಂದದ್ದು ಗಾಬರಿಯಿಂದಲೋ, ಒಳಗೊಳಗೇ ಇದ್ದ ಯಾವುದೋ ಆಸೆಯಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಾಪಸು ಬರುವಷ್ಟರಲ್ಲಿ ಹೆಂಗಸರಿಬ್ಬರೂ ಒಳಗೆ ಒಲೆಯ ಮುಂದೆ ಮಾತಿಗೆ ಕೂತಿದ್ದರು. ಆಡು ಹಗ್ಗ ಬಿಚ್ಚಿಕೊಂಡು ಪಡಸಾಲೆಯಲ್ಲಿ ನಿಂತಿತ್ತು. ಅದರ ಬಾಯಿಂದ ಸರ್ಕಾರಿ ಕಾಗದದ ಒಂದು ಚೂರು ಹೊರಗೆ ಕಾಣುತ್ತಿತ್ತು. ನಾನು ಅದನ್ನು ಹಿಡಿದು ಎಳೆದೆ. ಆಡೂ ಎಳೆಯಿತು. ಕೈಗೆ ಬಂದದ್ದು '೧೪' ಎಂಬ ಅಂಕಿ ಮಾತ್ರ.

ಹುಲಿಗೆವ್ವ ಓಡಿಬಂದು ಆಡಿನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಆಕೆ ಗೋಡೆಗೊರಗಿ ಕುಸಿದು ಕೂತಳು. "ನನ್ನ ಆಡು ನನ್ನ ಮನಿ ತಿಂತಲ್ಲ ಯವ್ವಾ," ಎಂದಳು ಮೆಲ್ಲಗೆ. ತಪ್ಪು ಆಡಿನದು, ಆದ್ದರಿಂದ ತನ್ನದು ಎಂದು ಆಕೆ ತಿಳಿದಿದ್ದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವ್ವ ಆಕೆಯ ಬೆನ್ನು ಸವರುತ್ತಿದ್ದಳು.

ಸಂಜೆ ಸಾಹೇಬರಿಗೆ ಟಿಪ್ಪಣಿ ಬರೆದೆ: 'ಪಟ್ಟಿಯ ೧೪ನೇ ಪುಟವನ್ನು ಆಡು ತಿಂದಿರುತ್ತದೆ. ಆದೇಶಕ್ಕಾಗಿ ಮಂಡಿಸಿದೆ.' ಮರುದಿನ ಹುಸೇನಸಾಬ ಉತ್ತರ ತಂದ. ಅಂಚಿನಲ್ಲಿ ಸಾಹೇಬರ ಹಸಿರು ಅಕ್ಷರ: 'ಆಡು ಯಾರದು?' ನಾನು ಬರೆದೆ: 'ಅರ್ಜಿದಾರಳದು.' ಅದರ ಮರುದಿನ: 'ಅರ್ಜಿದಾರಳು ಯಾರು?' ಪುಟವೇ ಇಲ್ಲದ ಮೇಲೆ ಏನು ಬರೆಯುವುದು? ದಾಖಲೆಯಲ್ಲಿ ಇದ್ದಂತೆಯೇ ಬರೆದೆ: 'ಮೃತ ಹುಲಿಗೆವ್ವ.' ಮೂರನೇ ದಿನ ಬಂದ ಷರಾ ಒಂದೇ ಶಬ್ದದ್ದು: 'ಚರ್ಚಿಸಿ.'

ಚರ್ಚೆಗೆ ಮೊದಲೇ ಸುದ್ದಿ ರಾಯಚೂರಿಗೆ ಮುಟ್ಟಿತು. ಯಾರೋ ಮೂಗರ್ಜಿ ಹಾಕಿದ್ದರು. ಮನೆಯಲ್ಲಿ ಕಚೇರಿ ಮಾಡಿಸಿ ಸರ್ಕಾರಿ ದಾಖಲೆಗಳನ್ನು ದನಕರುಗಳಿಗೆ ಮೇಯಿಸುತ್ತಿದ್ದಾರೆ ಎಂದು. ಜಿಲ್ಲೆಯ ದೊಡ್ಡ ಸಾಹೇಬರು ತನಿಖೆಗೆ ಬರುತ್ತಾರೆ, ಎಲ್ಲರೂ ಹಾಜರಿರಬೇಕು ಎಂದು ಹೇಳಿಕಳಿಸಿದರು. ಎಲ್ಲಿ ಹಾಜರಿ ಎಂದರೆ ನಮ್ಮ ಮನೆಯಲ್ಲಿ, ಘಟನೆ ನಡೆದ ಸ್ಥಳದಲ್ಲಿ.

ಜೀಪು ಬಂದು ನಮ್ಮ ಓಣಿಯಲ್ಲಿ ನಿಂತಿತು. ಓಣಿಯ ಮಂದಿಗೆ ಈಗ ಪೂರಾ ಖಾತ್ರಿಯಾಯಿತು, ಹುಡುಗನನ್ನು ಹಿಡಿದುಕೊಂಡು ಹೋಗಲು ಬಂದಿದ್ದಾರೆ ಎಂದು. ದೊಡ್ಡ ಸಾಹೇಬರು ನಮ್ಮ ಪಡಸಾಲೆಯ ಒಂದೇ ಕುರ್ಚಿಯಲ್ಲಿ ಕೂತರು. ಶ್ರೀಕಂಠಯ್ಯ ಸಾಹೇಬರು ನಿಂತಿದ್ದರು. ಹಬ್ಬದ ಕಳೆ ಹೋಗಿ ಮುಖ ಬಿಳಿಚಿಕೊಂಡಿತ್ತು. ಬಸಲಿಂಗಪ್ಪನವರು ಹಳೆಯ ಕಡತ ಹಿಡಿದುಕೊಂಡಿದ್ದರು. ಬಾಗಿಲಲ್ಲಿ ಹುಲಿಗೆವ್ವ, ಹೊರಗೆ ಆಡು.

ದೊಡ್ಡ ಸಾಹೇಬರು ಮೂಗರ್ಜಿ ತೆಗೆದರು. "ಇದಕ್ಕ ವಿಷಯ ಅಂತ ಬರದಾರ, ಉಲ್ಲೇಖ ಅಂತ ಬರದಾರ, ಕೆಳಗ ಅಡಕ ಎರಡು ಅಂತ ಬರದಾರ. ಹೆಸರಿಲ್ಲದ ಅರ್ಜಿ ಇಷ್ಟು ಕಾಯ್ದೆಶೀರ ಬರದದ್ದು ನಾ ನೋಡೇ ಇಲ್ಲ." ಹಾಳೆ ಕೊಡವಿದರು. ಒಂದಿಷ್ಟು ತೌಡು ಉದುರಿತು. ಎಲ್ಲರೂ ಬಸಲಿಂಗಪ್ಪನವರ ಕಡೆ ನೋಡಿದೆವು. ಅವರು ನಮ್ಮ ಮಾಳಿಗೆಯ ಜಂತಿ ಎಣಿಸುತ್ತಿದ್ದರು.

"ಇರಲಿ. ಶ್ರೀಕಂಠಯ್ಯನವರ, ಕಚೇರಿ ಬಿಟ್ಟು ದಾಖಲೆ ಮನಿಗೆ ಕಳಿಸಿದವ್ರು ನೀವು. ದಾಖಲೆ ಹಾಳಾಗೈತಿ. ಅಮಾನತ್ತಿಗೆ ಬರೀದ ನನಗ ಬ್ಯಾರೆ ದಾರಿ ಇಲ್ಲ."

ಶ್ರೀಕಂಠಯ್ಯ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಜನಕ್ಕೆ ಅನುಕೂಲ ಆಗ್ಲಿ ಅಂತ ಮಾಡಿದೆ, ಸಾರ್," ಎಂದರು. ಅಷ್ಟೇ.

ದೊಡ್ಡ ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು. ನಾನು ಅವ್ವನ ಕಡೆ ನೋಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಏನಾದರೂ ಗೊತ್ತಿತ್ತೋ ಇಲ್ಲವೋ, ಆದರೆ ಅಪ್ಪನ ಮೇಜಿನ ಮುಂದೆ ನಿಂತಾಗ ಹೇಗೆ ನೋಡುತ್ತಿದ್ದಳೋ ಹಾಗೆ, ಬಹುವಚನದಲ್ಲಿ ನೋಡುತ್ತಿದ್ದಳು.

"ಸಾಹೇಬ್ರ," ಎಂದೆ. "ಆ ಹಾಳ್ಯಾಗ ಇದ್ದದ್ದು ತಪ್ಪು ಇತ್ರಿ. ಈಕಿ ಸತ್ತಾಳ ಅಂತ ಬರದಿತ್ತು. ಬರದಾವ ನಾನ. ಅದನ್ನ ನಾ ಮನ್ಯಾಗ ಕುಂತು ಬರದಿದ್ದಿಲ್ರಿ. ಲಿಂಗಸುಗೂರಾಗ, ಕಚೇರ್ಯಾಗ, ಕುರ್ಚಿ ಮ್ಯಾಲ, ಫ್ಯಾನಿನ ಕೆಳಗ ಕುಂತು ಬರದಿದ್ದೆ. ಈಕಿ ಐದು ಸಲ ಅಲ್ಲಿ ಬಂದಾಳ, ಐದು ಸಲ ನಾಳಿ ಬಾ ಅಂದೀನಿ. ತಪ್ಪು ಮಾಡಿದ್ದು ಕಚೇರ್ಯಾಗ. ಸಿಕ್ಕಿದ್ದು ಮನ್ಯಾಗ."

ಹೊರಗೆ ಆಡು ಒಮ್ಮೆ ಕೆಮ್ಮಿತು.

ಬಸಲಿಂಗಪ್ಪನವರು ಜಂತಿ ಎಣಿಸುವುದು ಬಿಟ್ಟು ಕೆಳಗೆ ಬಂದರು. ಕೈಲಿದ್ದ ಕಡತ ಬಿಚ್ಚಿ, "ಕರಡು ಪ್ರತಿ ನನ್ನ ಹಂತೇಕ ಐತ್ರಿ," ಎಂದು ಮುಂದೆ ಹಿಡಿದರು. ಅದರಲ್ಲಿ 'ಮೃತ' ಎಂಬುದು ಮಲ್ಲಪ್ಪನ ಹೆಸರಿನ ಪಕ್ಕದಲ್ಲೇ ಇತ್ತು. ಮೂಗರ್ಜಿ ಬರೆದವರೇ ಅದನ್ನು ತಂದರು ಎಂಬುದನ್ನೂ ಹೇಳಬೇಕು. ಮನುಷ್ಯ ಅಷ್ಟು ಸರಳ ಪ್ರಾಣಿಯಲ್ಲ.

ದೊಡ್ಡ ಸಾಹೇಬರು ಕರಡು ಓದಿದರು. ಬಾಗಿಲ ಕಡೆ ತಿರುಗಿ, "ನೀನಾ ಹುಲಿಗೆವ್ವ?" ಎಂದರು.

"ಅಲ್ಲಂದ್ರ ಮತ್ಯಾರ್ರಿ," ಎಂದಳು ಆಕೆ.

ಅವರು ಕರಡಿನ ಕೆಳಗೆ ಬರೆದರು: 'ಅರ್ಜಿದಾರಳನ್ನು ಖುದ್ದು ನೋಡಿದ್ದೇನೆ. ಜೀವಂತ ಇರುತ್ತಾಳೆ. ಕೂಡಲೇ ಹಕ್ಕುಪತ್ರ ಕೊಡುವುದು.' ಸಹಿ ಹಾಕಿ, ಅವ್ವ ತಂದಿಟ್ಟ ಚಹಾ ಕುಡಿದರು. ಏಳುವಾಗ ಶ್ರೀಕಂಠಯ್ಯ ಸಾಹೇಬರಿಗೆ, "ನಿಮ್ಮ ವಿಚಾರ ಛಲೋ ಐತ್ರಿ," ಎಂದರು. "ಆದ್ರ ಇಲ್ಲಿ ಇದು ನಡಿಯಂಗಿಲ್ಲ. ಈ ತಾಲೂಕಿನ್ಯಾಗ ಆಡು ಬಾಳ ಅದಾವ. ಮಾಳಿಗಿ ಆದ ಕೂಡಲೆ ಎಲ್ಲಾರೂ ಕಚೇರಿಗೆ ಬರ್ರಿ." ಅಮಾನತ್ತಿನ ಮಾತು ಮತ್ತೆ ಬರಲಿಲ್ಲ. ನನಗೊಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಹಟ್ಟಿಯಲ್ಲಿ ಕೌದಿಯೊಳಗೆ ಕೈಯಿಟ್ಟು ಟೈಪ್ ಮಾಡಿದ್ದರಿಂದ 'ಎಚ್ಚರಿಕೆ' ಎಂಬುದು 'ಎಚ್ಚರಿಕೇಕೆ' ಎಂದಾಗಿತ್ತು. ನಾನು ಸರಿಯಾದ ಅರ್ಥದಲ್ಲೇ ತೆಗೆದುಕೊಂಡೆ.

ಹುಲಿಗೆವ್ವ ಮಾತ್ರ ಅಂದು ನನಗೊಂದು ಮಾತೂ ಆಡದೆ ಆಡು ಬಿಚ್ಚಿಕೊಂಡು ಹೊರಟುಹೋದಳು. ಬೈದಿದ್ದರೆ ಹಗುರಾಗುತ್ತಿತ್ತು. ಅದಾದ ಮೇಲೆ ಉಳಿದ ದಿನಗಳಲ್ಲಿ ಆಕೆ ಕಟ್ಟೆ ಏರಲಿಲ್ಲ. ಅವ್ವ ಎರಡು ಸಲ, "ಆಕಿ ಬರಲಿಲ್ಲಲ್ಲ" ಎಂದಳು.

ಮಾಳಿಗೆ ಮುಗಿಯಿತು. ನಾವು ಮತ್ತೆ ಬಸ್ಸು ಹತ್ತಿದೆವು. ಹೋದ ಮೂರನೇ ದಿನ ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಹುಲಿಗೆವ್ವ. ಹಕ್ಕುಪತ್ರ ತಯಾರಿತ್ತು, ಹೆಸರು ತುಂಬಿ ಕೊಡುವುದು ಮಾತ್ರ ಬಾಕಿ. ಮನೆಯಲ್ಲಾಗಿದ್ದರೆ ಆಕೆ ನೇರ ಒಳಗೆ ಬಂದು ಕೂರುತ್ತಿದ್ದಳು. ಇಲ್ಲಿ ಹೊಸ್ತಿಲ ಹೊರಗೇ ನಿಂತಿದ್ದಳು.

"ಒಳಗ ಬಾ ಬೇ, ಕುಂದರು," ಎಂದೆ. ಎಂದ ಮೇಲೆ ಗೊತ್ತಾಯಿತು, ಬಂದವರು ಕೂರಲಿಕ್ಕೆಂದು ಆ ಕಚೇರಿಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಅಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎದ್ದು ನನ್ನ ಕುರ್ಚಿಯನ್ನೇ ಆಕೆಯ ಕಡೆ ಎಳೆದೆ. ಹಕ್ಕುಪತ್ರವನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಬಗ್ಗಿ ಪೆನ್ನು ತೆಗೆದೆ.

ಹುಲಿಗೆವ್ವ ಒಳಗೆ ಬಂದಳು. ಕುರ್ಚಿ ನೋಡಿದಳು, ನನ್ನ ಕೈಯ ಪೆನ್ನು ನೋಡಿದಳು. ಕುರ್ಚಿಯನ್ನು ವಾಪಸು ನನ್ನ ಕಡೆಗೇ ದೂಡಿದಳು.

"ನೀ ಕುಂತು ಬರಿಯಪ್ಪ," ಎಂದಳು. "ನಿಂತು ಬರದು ಮತ್ತ ನನ್ನ ಸಾಯಿಸಿಗೀಯಿಸೀಯ."

ನಾನು ಕೂತು ಬರೆದೆ.